ಕ್ಯಾಮೆರಾ ನಗಬಾರದು

ಗಿಟಾರ್ ವಾದಕ ನೈಜೆಲ್ ಟಫ್ನೆಲ್ ತನ್ನ ಸಂಗ್ರಹವನ್ನು ಸಾಕ್ಷ್ಯಚಿತ್ರ ನಿರ್ದೇಶಕನೊಬ್ಬನಿಗೆ ತೋರಿಸುತ್ತಿದ್ದಾನೆ. ಒಂದು ಗಿಟಾರನ್ನಂತೂ ಮುಟ್ಟುವ ಹಾಗಿಲ್ಲ, ಅದರತ್ತ ಬೆರಳು ತೋರಿಸುವ ಹಾಗಿಲ್ಲ, ಕೊನೆಗೆ ಕಣ್ಣು ಹಾಯಿಸುವ ಹಾಗೂ ಇಲ್ಲ. ಅಲ್ಲಿಂದ ಆಂಪ್ಲಿಫೈಯರ್ ಬಳಿ ಬರುತ್ತಾರೆ. ಎಲ್ಲರ ಆಂಪ್‌ಗಳ ತಿರುಗುಗುಂಡಿಯಲ್ಲಿ ಹತ್ತರವರೆಗೆ ಅಂಕಿ ಇದ್ದರೆ ಇವನದರಲ್ಲಿ ಹನ್ನೊಂದು. ಹತ್ತನ್ನೇ ಇನ್ನಷ್ಟು ಜೋರು ಮಾಡಿ ಅಲ್ಲಿಗೇ ನಿಲ್ಲಿಸಬಹುದಲ್ಲ ಎಂದು ನಿರ್ದೇಶಕ ಕೇಳುತ್ತಾನೆ. ನೈಜೆಲ್ ಉತ್ತರಿಸುವುದಿಲ್ಲ. ಗಮ್ ಅಗಿಯುವ ದವಡೆ ನಿಧಾನವಾಗುತ್ತದೆ. ಪ್ರಶ್ನೆ ಅವನೊಳಗೆ ಇಳಿದು, ತಳ ಸಿಗದೆ ತಿರುಗಿ ಬರುವುದು ಮುಖದ ಮೇಲೆ ಕಾಣುತ್ತದೆ. ಆಮೇಲೆ, ಇದು ಹನ್ನೊಂದಕ್ಕೆ ಹೋಗುತ್ತದೆ ಎಂದು ಮೊದಲು ಹೇಳಿದ್ದನ್ನೇ ಮತ್ತೆ ಹೇಳುತ್ತಾನೆ.

1984ರ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಚಿತ್ರದ ಈ ಹನ್ನೊಂದು ಇವತ್ತು ಗಾದೆಯ ಮಟ್ಟಕ್ಕೆ ಬಂದಿದೆ. ಬಿಬಿಸಿಯ ಐಪ್ಲೇಯರ್‌ನಲ್ಲಿ ಧ್ವನಿ ಹೆಚ್ಚಿಸುತ್ತ ಹೋದರೆ ಹನ್ನೊಂದಕ್ಕೆ ನಿಲ್ಲುತ್ತದೆ. ಮಾರ್ಷಲ್ ಕಂಪನಿ ಇಪ್ಪತ್ತರವರೆಗೆ ಅಂಕಿಯಿರುವ ಆಂಪ್ ತಯಾರಿಸಿದಾಗ ಅದರ ಜಾಹೀರಾತಿಗೆ ನಿಂತವನೂ ನೈಜೆಲ್ಲೇ. ಮೆಟಲ್ ಹುಚ್ಚು ಹಳೆಯದಾದ ಬೆಂಗಳೂರಿನಲ್ಲಂತೂ, ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಕೇಳಿದ ತಲೆಮಾರಿಗೆ ಈ ತಮಾಷೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನನಗೆ ಗಾದೆಯಾದ ಮಾತಿಗಿಂತ ಅದರ ಹಿಂದಿನ ಮೌನವೇ ಮುಖ್ಯ. ಆ ಹೊತ್ತಿನಲ್ಲಿ ನಗಿರಿ ಎಂದು ನಮಗೆ ಯಾರೂ ಸನ್ನೆ ಮಾಡುವುದಿಲ್ಲ. ನಿರ್ದೇಶಕ ನಗುವುದಿಲ್ಲ, ಹಿನ್ನೆಲೆಯಲ್ಲಿ ಸಂಗೀತ ತಮಾಷೆ ಮಾಡುವುದಿಲ್ಲ, ಕ್ಯಾಮೆರಾ ವರದಿಗಾರನ ಶ್ರದ್ಧೆಯಿಂದ ನೋಡುತ್ತಲೇ ಇರುತ್ತದೆ. ಅಣಕು ಸಾಕ್ಷ್ಯಚಿತ್ರವೆಂಬ ಇಡೀ ಪರಂಪರೆ ನಿಂತಿರುವುದು ಈ ಶ್ರದ್ಧೆಯ ಮೇಲೆ. ಅದು ಸಡಿಲವಾದಲ್ಲೆಲ್ಲ ಪರಂಪರೆಯೂ ಸೊರಗಿದೆ.

ಇಲ್ಲದ್ದನ್ನು ಇದ್ದದ್ದರ ಧಾಟಿಯಲ್ಲಿ ಹೇಳುವ ಚಾಳಿ ಹಳೆಯದೇ. ಸ್ವಿಟ್ಜರ್ಲೆಂಡಿನ ರೈತರು ಗಿಡಗಳಿಂದ ಸ್ಪೆಗೆಟಿ ಕೊಯ್ಯುವುದನ್ನು ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮ 1957ರ ಏಪ್ರಿಲ್ 1ರಂದು ತೋರಿಸಿತ್ತು. ಪೀಟರ್ ವಾಟ್ಕಿನ್ಸ್ 1965ರಲ್ಲಿ ಮಾಡಿದ ‘ದಿ ವಾರ್ ಗೇಮ್’ ಬ್ರಿಟನ್ನಿನ ಮೇಲೆ ಬೀಳದೇ ಇರುವ ಅಣುಬಾಂಬಿನ ವರದಿ. ಬಿಬಿಸಿ ಅದನ್ನು ಪ್ರಸಾರ ಮಾಡದೆ ತಡೆಹಿಡಿಯಿತು, ಆಸ್ಕರ್ ಸಮಿತಿ ಅದಕ್ಕೆ ಸಾಕ್ಷ್ಯಚಿತ್ರದ ಪ್ರಶಸ್ತಿಯನ್ನೇ ಕೊಟ್ಟಿತು. ಅಲ್ಲಿ ನಗುವಿಗೆ ಎಡೆಯಿರಲಿಲ್ಲ. ವುಡಿ ಅಲೆನ್ ‘ಟೇಕ್ ದ ಮನಿ ಅಂಡ್ ರನ್’ನಲ್ಲಿ ಮತ್ತು ‘ಜೆಲಿಗ್’ನಲ್ಲಿ ಈ ಧಾಟಿಯನ್ನು ಹಾಸ್ಯಕ್ಕೆ ತಿರುಗಿಸಿದ. ಎರಿಕ್ ಐಡಲ್ ಮತ್ತು ನೀಲ್ ಇನ್ಸ್ ಸೇರಿ 1978ರಲ್ಲಿ ಬೀಟಲ್ಸ್ ಕಥೆಯನ್ನೇ ‘ದ ರಟಲ್ಸ್’ ಎಂಬ ಹೆಸರಿನಲ್ಲಿ ಅಣಕಿಸಿದರು. ರಟಲ್ಸ್ ಹಾಡುಗಳು ಸೊಗಸಾಗಿವೆ, ಆದರೆ ಬೀಟಲ್ಸ್ ಗೊತ್ತಿಲ್ಲದವನಿಗೆ ಅಲ್ಲಿ ಅರ್ಧ ನಗುವೂ ದಕ್ಕುವುದಿಲ್ಲ.

ಸ್ಪೈನಲ್ ಟ್ಯಾಪ್ ಮಾಡಿದವರು ಯಾವುದೇ ಒಂದು ತಂಡವನ್ನು ಅಣಕಿಸಲಿಲ್ಲ. ತಾವೇ ಒಂದು ತಂಡ ಕಟ್ಟಿದರು. ನೈಜೆಲ್ ಆಗಿ ಕ್ರಿಸ್ಟೋಫರ್ ಗೆಸ್ಟ್, ಹಾಡುಗಾರ ಡೇವಿಡ್ ಸೇಂಟ್ ಹಬ್ಬಿನ್ಸ್ ಆಗಿ ಮೈಕೆಲ್ ಮೆಕೀನ್, ಬೇಸ್ ಗಿಟಾರಿನ ಡೆರೆಕ್ ಸ್ಮಾಲ್ಸ್ ಆಗಿ ಹ್ಯಾರಿ ಶಿಯರರ್. ಮೂವರೂ ಅಮೆರಿಕದಲ್ಲಿ ನೆಲೆಸಿದ ನಟರು. ಮೂವರೂ ನಿಜಕ್ಕೂ ವಾದ್ಯ ನುಡಿಸಬಲ್ಲವರು. ಒಳಗಿನ ಸಂಗತಿ ತಿಳಿಯಲೆಂದು ಶಿಯರರ್ ಬ್ರಿಟನ್ನಿನ ಸ್ಯಾಕ್ಸನ್ ತಂಡದ ಜೊತೆ ಪ್ರವಾಸ ಮಾಡಿದ್ದುಂಟು. ನಿರ್ದೇಶಕ ರಾಬ್ ರೈನರ್ ಚಿತ್ರದೊಳಗೆ ಮಾರ್ಟಿ ಡಿಬರ್ಗಿ ಎಂಬ ನಿರ್ದೇಶಕನಾಗಿಯೂ ಕಾಣಿಸಿಕೊಳ್ಳುತ್ತಾನೆ. ‘ದ ಲಾಸ್ಟ್ ವಾಲ್ಟ್ಜ್’ ಸಾಕ್ಷ್ಯಚಿತ್ರದಲ್ಲಿ ‘ದ ಬ್ಯಾಂಡ್’ ತಂಡದವರ ಎದುರು ಭಕ್ತನ ಹಾಗೆ ಕೂತ ಮಾರ್ಟಿನ್ ಸ್ಕಾರ್ಸೆಸಿಯ ನೆರಳು ಅವನ ಮೇಲಿದೆ. ಸಂಭಾಷಣೆಯನ್ನು ಮೊದಲೇ ಬರೆದಿರಲಿಲ್ಲ. ಸನ್ನಿವೇಶ ಗೊತ್ತು ಮಾಡಿಕೊಂಡು ನಟರು ಅಲ್ಲಲ್ಲೇ ಮಾತು ಕಟ್ಟಿದರು. ಹಾಗೆ ಚಿತ್ರೀಕರಿಸಿದ ರಾಶಿಯನ್ನು ಸೋಸಿ ಉಳಿಸಿಕೊಂಡದ್ದು 82 ನಿಮಿಷ. ಛಾಯಾಗ್ರಾಹಕ ಪೀಟರ್ ಸ್ಮೋಕ್ಲರ್ ನಿಜವಾದ ಸಾಕ್ಷ್ಯಚಿತ್ರಗಳಿಂದ ಬಂದವನು. ಇದರಲ್ಲಿ ನಗುವಂಥದ್ದೇನಿದೆ, ಬ್ಯಾಂಡಿನವರು ಇರುವುದೇ ಹೀಗಲ್ಲವೇ ಎಂದು ಅವನು ಕೇಳುತ್ತಿದ್ದನೆಂದು ರೈನರ್ ಹೇಳಿಕೊಂಡಿದ್ದಾನೆ. ಹಾಸ್ಯ ಎಲ್ಲಿದೆ ಎಂದು ಗೊತ್ತಿಲ್ಲದವನ ಕೈಯಲ್ಲಿ ಕ್ಯಾಮೆರಾ ಇದ್ದದ್ದು ಈ ಚಿತ್ರದ ಅದೃಷ್ಟ.

ಕಥೆ ಎನ್ನುವುದಕ್ಕೆ ಇರುವುದು ಒಂದು ಇಳಿಜಾರು ಮಾತ್ರ. ಹೆವಿ ಮೆಟಲ್ ನುಡಿಸುವ ಇಂಗ್ಲೆಂಡಿನ ತಂಡವೊಂದು ಹೊಸ ಆಲ್ಬಮ್ ಹೊತ್ತು ಅಮೆರಿಕ ಸುತ್ತುತ್ತಿದೆ. ಹೆಣ್ಣನ್ನು ಕೀಳಾಗಿ ತೋರಿಸುವ ಮುಖಪುಟವೆಂದು ಅಂಗಡಿಗಳು ಆಲ್ಬಮ್ ಬೇಡ ಎನ್ನುತ್ತವೆ, ಕಂಪನಿ ಕೊನೆಗೆ ಬರೀ ಕಪ್ಪು ಹೊದಿಕೆಯಲ್ಲಿ ಹೊರಗೆ ಬಿಡುತ್ತದೆ. ಬಾಸ್ಟನ್ ಕಾರ್ಯಕ್ರಮ ರದ್ದಾಗುತ್ತದೆ; ಅದೇನೂ ಕಾಲೇಜು ಹುಡುಗರ ಊರಲ್ಲ ಬಿಡಿ ಎಂದು ಮ್ಯಾನೇಜರ್ ಸಮಾಧಾನ ಹೇಳುತ್ತಾನೆ. ಕ್ಲೀವ್‌ಲೆಂಡಿನಲ್ಲಿ ವೇದಿಕೆಯ ಹಿಂದಿನ ಓಣಿಗಳಲ್ಲಿ ದಾರಿ ತಪ್ಪುತ್ತದೆ. ಅತ್ತ ಜನ ಕೂಗುವುದು ಕೇಳುತ್ತಿದ್ದರೂ ವೇದಿಕೆ ಸಿಗುವುದಿಲ್ಲ. ರೆಕಾರ್ಡ್ ಅಂಗಡಿಯಲ್ಲಿ ಸಹಿ ಹಾಕಲು ಕೂತರೆ ಒಬ್ಬರೂ ಬರುವುದಿಲ್ಲ. ವಾಯುಪಡೆಯ ನೆಲೆಯಲ್ಲಿ ನುಡಿಸಿದರೆ ಗಿಟಾರಿನ ನಿಸ್ತಂತು ಉಪಕರಣದಲ್ಲಿ ವಿಮಾನ ನಿಯಂತ್ರಕರ ಮಾತು ನುಗ್ಗುತ್ತದೆ. ಸ್ಟಾಕ್‌ಟನ್ನಿನ ಮನರಂಜನಾ ಪಾರ್ಕಿಗೆ ಬರುವ ಹೊತ್ತಿಗೆ ಹೊರಗಿನ ಬೋರ್ಡಿನಲ್ಲಿ ಗೊಂಬೆಯಾಟದ ಹೆಸರು ಮೇಲೆ, ಇವರದು ಕೆಳಗೆ. ಕೊನೆಗಾಲದ ವೃತ್ತಿ ನಾಟಕ ಕಂಪನಿಗಳ ಕಥೆ ಕೇಳಿದ ಕನ್ನಡಿಗನಿಗೆ ಈ ಇಳಿಜಾರು ಹೊಸದಲ್ಲ: ಕ್ಯಾಂಪ್ ಚಿಕ್ಕದಾಗುತ್ತ ಹೋಗುತ್ತದೆ, ರಾಜಾಪಾರ್ಟಿನ ಠೀವಿ ಮಾತ್ರ ಹಾಗೆಯೇ ಇರುತ್ತದೆ.

ಇಂಗ್ಲೆಂಡಿನ ಪ್ರಾಚೀನ ಶಿಲಾಸ್ಮಾರಕದ ಮೇಲಿನ ಹಾಡು ಬರುವ ಸ್ಟೋನ್‌ಹೆಂಜ್ ದೃಶ್ಯವನ್ನು ಸ್ವಲ್ಪ ನಿಂತು ನೋಡಬೇಕು. ವೇದಿಕೆಯ ಮೇಲೆ ಹದಿನೆಂಟು ಅಡಿಯ ಶಿಲಾಕಮಾನು ಇಳಿಯಬೇಕೆಂದು ನೈಜೆಲ್ ಕರವಸ್ತ್ರದ ಕಾಗದದ ಮೇಲೆ ಗೀಚಿ ಕೊಡುತ್ತಾನೆ. ಅಡಿಯ ಗುರುತು ಒಂದು ಗೀಟು, ಅಂಗುಲದ ಗುರುತು ಎರಡು. ಅವನು ಹಾಕಿದ್ದು ಎರಡು. ಕಲಾವಿದೆ ಹದಿನೆಂಟು ಅಂಗುಲದ್ದನ್ನು ಅಚ್ಚುಕಟ್ಟಾಗಿ ಮಾಡಿ ತರುತ್ತಾಳೆ. ಅವಳ ಕಡೆಯಿಂದ ಕಿಂಚಿತ್ತೂ ತಪ್ಪಿಲ್ಲ. ಇದನ್ನು ಅವಳೂ ಮ್ಯಾನೇಜರೂ ಮಾತಾಡಿಕೊಳ್ಳುವ ತುಣುಕು ಸರಕಾರಿ ಕಚೇರಿಯ ಟಿಪ್ಪಣಿಯಷ್ಟು ಗಂಭೀರ. ಆಮೇಲೆ ಪ್ರದರ್ಶನ. ಹೊಗೆ, ಪ್ರಾಚೀನ ಡ್ರೂಯಿಡ್ ಪುರೋಹಿತರನ್ನು ಕುರಿತ ಘನವಾದ ಮಾತು, ಅಬ್ಬರದ ಗಿಟಾರು. ಮೇಲಿನಿಂದ ಮೊಣಕಾಲೆತ್ತರದ ಕಲ್ಲುಕಮಾನೊಂದು ಇಳಿಯುತ್ತದೆ, ಗಿಡ್ಡ ದೇಹದ ಇಬ್ಬರು ನರ್ತಕರು ಅದರ ಸುತ್ತ ಕುಣಿಯುತ್ತಾರೆ. ಡೇವಿಡ್ ಒಮ್ಮೆ ಅತ್ತ ನೋಡಿ ಹಾಡು ಮುಂದುವರಿಸುತ್ತಾನೆ. ವೃತ್ತಿಯವನು ಇನ್ನೇನು ಮಾಡಿಯಾನು? ನಾವು ನಗುವುದು ಕಮಾನು ಚಿಕ್ಕದೆಂದಲ್ಲ, ಹಾಡು ನಿಲ್ಲಲಿಲ್ಲವಲ್ಲ ಎಂದು. ನರ್ತಕರ ದೇಹವನ್ನೇ ತಮಾಷೆಗೆ ಹಚ್ಚಿದ ಭಾಗ ಮಾತ್ರ ಇವತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಅದೇ ಕಾಲದಲ್ಲಿ ಬ್ರಿಟನ್ನಿನಲ್ಲೂ ಇಂಥದೇ ಪ್ರಯತ್ನ ನಡೆದಿತ್ತು. ‘ದ ಕಾಮಿಕ್ ಸ್ಟ್ರಿಪ್’ ಬಳಗದ ‘ಬ್ಯಾಡ್ ನ್ಯೂಸ್ ಟೂರ್’ 1983ರ ಜನವರಿಯಲ್ಲೇ ಚಾನಲ್ 4ರಲ್ಲಿ ಬಂತು, ಅಂದರೆ ಸ್ಪೈನಲ್ ಟ್ಯಾಪ್‌ಗಿಂತ ಮೊದಲೇ. ರಿಕ್ ಮೇಯಲ್, ಏಡ್ ಎಡ್ಮಂಡ್ಸನ್ ಇದ್ದ ಆ ಚಿತ್ರ ಚುರುಕಾಗಿದೆ, ಒರಟಾಗಿದೆ, ಚಿತ್ರೀಕರಣದವರನ್ನೂ ಬಿಡದೆ ಗೇಲಿ ಮಾಡುತ್ತದೆ. ಆದರೂ ಎರಡನೇ ಸಲ ನೋಡಿದಾಗ ತೆಳುವೆನಿಸುತ್ತದೆ. ಬ್ಯಾಡ್ ನ್ಯೂಸ್ ಹುಡುಗರಿಗೆ ನುಡಿಸಲು ಬರುವುದಿಲ್ಲ ಎನ್ನುವುದೇ ಅಲ್ಲಿನ ತಮಾಷೆ. ಸ್ಪೈನಲ್ ಟ್ಯಾಪಿಗೆ ನುಡಿಸಲು ಬರುತ್ತದೆ. ಅರವತ್ತರ ದಶಕದ ಬೀಟ್ ಸಂಗೀತದಿಂದ ಹಿಪ್ಪಿಗಳ ಕಾಲಕ್ಕೆ, ಅಲ್ಲಿಂದ ಮೆಟಲ್ಲಿಗೆ ತಂಡ ಹೊರಳಿದ್ದನ್ನು ಹಳೆಯ ಟಿವಿ ತುಣುಕುಗಳ ನೆಪದಲ್ಲಿ ತೋರಿಸುವಾಗ ಪ್ರತಿ ಹಾಡೂ ಆಯಾ ಕಾಲದ ಅಚ್ಚಿಗೆ ಸರಿಯಾಗಿ ಕೂರುತ್ತದೆ. ಸಾಹಿತ್ಯವಷ್ಟೇ ಮೂರ್ಖತನದ್ದು, ರಾಗವಲ್ಲ. ಅಣಕಿಸುವವನಿಗೆ ಆ ವಿದ್ಯೆ ಮೂಲದವನಷ್ಟೇ ಬರಬೇಕೆನ್ನುವುದನ್ನು ಯಕ್ಷಗಾನದ ಹಾಸ್ಯಗಾರರನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.

ಈ ಖಚಿತತೆಯಿಂದಾಗಿಯೇ ಸಂಗೀತಗಾರರು ತತ್ತರಿಸಿದ್ದು. ಏರೋಸ್ಮಿತ್‌ನ ಸ್ಟೀವನ್ ಟೈಲರ್‌ಗೆ ಚಿತ್ರ ನೋಡಿ ನಗು ಬರಲಿಲ್ಲವೆಂದು ಅವನ ತಂಡದವನೇ ಹೇಳಿದ್ದಾನೆ. ಪರೀಕ್ಷಾರ್ಥ ಪ್ರದರ್ಶನದಲ್ಲಿ ಕೆಲವರು, ಯಾರೂ ಕೇಳದ ಇಂಥ ಕೆಟ್ಟ ಬ್ಯಾಂಡಿನ ಮೇಲೆ ಯಾಕೆ ಚಿತ್ರ ಮಾಡಿದಿರಿ ಎಂದು ರೈನರ್‌ನನ್ನು ಕೇಳಿದರಂತೆ. 1991ರಲ್ಲಿ ಮೆಟಾಲಿಕಾ ತನ್ನ ಆಲ್ಬಮ್ಮನ್ನು ಹೆಚ್ಚುಕಡಿಮೆ ಪೂರ್ತಿ ಕಪ್ಪು ಹೊದಿಕೆಯಲ್ಲಿ ತಂದಾಗ ಸ್ಪೈನಲ್ ಟ್ಯಾಪ್ ಸದಸ್ಯರು ವೇಷದಲ್ಲೇ ಹೋಗಿ ಛೇಡಿಸಿದರು. 1992ರಲ್ಲಿ ವೆಂಬ್ಲಿಯ ಫ್ರೆಡ್ಡಿ ಮರ್ಕ್ಯುರಿ ಸ್ಮರಣೆಯ ಕಛೇರಿಯಲ್ಲಿ, 2009ರಲ್ಲಿ ಗ್ಲಾಸ್ಟನ್‌ಬರಿಯಲ್ಲಿ ಅವರು ನಿಜವಾದ ತಂಡಗಳ ಸಾಲಿನಲ್ಲೇ ನಿಂತು ನುಡಿಸಿದರು.

ಹಾಗೆಂದು ಚಿತ್ರ ಕಲೆಯಿಲ್ಲದ ಚಂದ್ರನಲ್ಲ. ಡೇವಿಡ್‌ನ ಗೆಳತಿ ಜನೀನ್ ಬಂದು, ರಾಶಿಫಲ ನೋಡಿ ಪ್ರವಾಸ ನಡೆಸಿ, ತಂಡ ಒಡೆಯುತ್ತಾಳೆ. ಬೀಟಲ್ಸ್ ಒಡೆದದ್ದಕ್ಕೆ ಯೋಕೋ ಓನೋ ಮೇಲೆ ಹೊರಿಸಿದ ಹಳೆಯ ಆರೋಪವನ್ನೇ ಇಲ್ಲಿ ಬಳಸಿಕೊಂಡಿದ್ದಾರೆ. ಆರೋಪವನ್ನು ಅಣಕಿಸುತ್ತಿದ್ದಾರೋ ಅನುಮೋದಿಸುತ್ತಿದ್ದಾರೋ ಎಂಬುದು ಕೊನೆಯವರೆಗೂ ಸ್ಪಷ್ಟವಾಗುವುದಿಲ್ಲ. ಮುಖಪುಟದ ಜಗಳದಲ್ಲಿ ಕಂಪನಿಯ ಪ್ರತಿನಿಧಿ ಬಾಬಿ ಫ್ಲೆಕ್‌ಮನ್ ಎಂಬವಳಿಗೆ ಸಿಕ್ಕಿದ ಚೂಪು ಮಾತು ಜನೀನ್‌ಗೆ ಸಿಕ್ಕಿಲ್ಲ. ಗಂಡಸರ ಮಂಕುತನವನ್ನು ಪ್ರೀತಿಯಿಂದ ನೋಡುವ ಕ್ಯಾಮೆರಾ ಹೆಂಗಸಿನ ಮಂಕುತನವನ್ನು ಆಪಾದನೆಯ ಕಣ್ಣಿನಿಂದ ನೋಡುತ್ತದೆ.

ಗೆಸ್ಟ್ ಮುಂದೆ ಈ ದಾರಿಯನ್ನೇ ತನ್ನದಾಗಿಸಿಕೊಂಡ. ‘ವೇಟಿಂಗ್ ಫಾರ್ ಗಫ್‌ಮನ್’ (1996) ಸಣ್ಣ ಊರಿನ ಹವ್ಯಾಸಿ ನಾಟಕದ್ದು, ‘ಬೆಸ್ಟ್ ಇನ್ ಶೋ’ (2000) ನಾಯಿ ಪ್ರದರ್ಶನದ್ದು, ‘ಎ ಮೈಟಿ ವಿಂಡ್’ (2003) ಮರೆಯಾದ ಜನಪದ ಗಾಯಕರದ್ದು. ಮೂರರಲ್ಲಿ ಕೊನೆಯದೇ ನನ್ನ ಮಟ್ಟಿಗೆ ದೊಡ್ಡದು. ಹಿಂದೊಮ್ಮೆ ಜೋಡಿಯಾಗಿ ಹಾಡುತ್ತಿದ್ದ ಮಿಚ್ ಮತ್ತು ಮಿಕಿ ಮತ್ತೆ ವೇದಿಕೆಗೆ ಬರುವಲ್ಲಿ ಅಣಕು ಪೂರ್ತಿ ಕರಗುತ್ತದೆ. ಉಳಿದ ಕೃತಿಗಳಲ್ಲಿ ಸೂತ್ರ ಕಾಣತೊಡಗುತ್ತದೆ: ಒಂದು ವಿಚಿತ್ರ ಹವ್ಯಾಸ, ಅದೇ ನಟಬಳಗ, ಕೊನೆಗೊಂದು ಪ್ರದರ್ಶನ ಅಥವಾ ಸ್ಪರ್ಧೆ. 2016ರ ‘ಮ್ಯಾಸ್ಕಾಟ್ಸ್’ ಹೊತ್ತಿಗೆ ಆ ಸೂತ್ರ ಸವೆದು ಹೋಗಿತ್ತು.

ದೊಡ್ಡ ಬದಲಾವಣೆ ಬಂದದ್ದು ಟಿವಿಯಿಂದ. 2001ರಲ್ಲಿ ಬಿಬಿಸಿಯಲ್ಲಿ ಶುರುವಾದ ‘ದ ಆಫೀಸ್’ನಲ್ಲಿ ಕ್ಯಾಮೆರಾ ಅಲ್ಲಿರುವುದಕ್ಕೆ ಕಾರಣವಿತ್ತು. ಆ ಕಚೇರಿಯ ಮ್ಯಾನೇಜರ್ ಡೇವಿಡ್ ಬ್ರೆಂಟ್ ಕ್ಯಾಮೆರಾ ನೋಡಿ ಹಿಗ್ಗುತ್ತಾನೆ, ಅದರಿಂದಲೇ ಹಾಳಾಗುತ್ತಾನೆ. ಅಮೆರಿಕದ ಆವೃತ್ತಿ ವರ್ಷಗಟ್ಟಲೆ ಓಡಿದ ಮೇಲೆ, ಅದರ ಹಿಂದೆ ಬಂದ ಧಾರಾವಾಹಿಗಳಲ್ಲಿ ಚಿತ್ರೀಕರಿಸುತ್ತಿರುವವರು ಯಾರು, ಯಾಕೆ ಎಂದು ಕೇಳುವವರೇ ಇಲ್ಲದಾಯಿತು. ‘ಮಾಡರ್ನ್ ಫ್ಯಾಮಿಲಿ’ಯವರು ಸೋಫಾದಲ್ಲಿ ಕೂತು ಮಾತಾಡುವುದು ಯಾರ ಜೊತೆ? ಪಾತ್ರಧಾರಿ ಕ್ಯಾಮೆರಾದತ್ತ ತಿರುಗಿ ಹುಬ್ಬು ಹಾರಿಸಿದರೆ ಸಾಕು, ನಗು ಎಲ್ಲಿ ಎಂದು ನಮಗೆ ತಿಳಿಯುತ್ತದೆ. ಸ್ಪೈನಲ್ ಟ್ಯಾಪ್ ಹಟ ಹಿಡಿದು ಕೈಬಿಟ್ಟಿದ್ದ ಸನ್ನೆಯನ್ನು ಇವರು ಹಿಂಬಾಗಿಲಿನಿಂದ ಒಳಗೆ ಕರೆದರು. ನೋಡುಗರು ಬುದ್ಧಿವಂತರು ಎಂಬ ನಂಬಿಕೆ ಇಲ್ಲಿ ಸತ್ತಿತು.

ಪರಂಪರೆ ನಿಜವಾಗಿ ಬೆಳೆದದ್ದು ಬೇರೆಡೆ, ಅಣಕಿಲ್ಲದ ಸಾಕ್ಷ್ಯಚಿತ್ರಗಳಲ್ಲಿ. ಮೆಟಾಲಿಕಾ ಸದಸ್ಯರು ತಜ್ಞನನ್ನು ಕೂರಿಸಿಕೊಂಡು ತಮ್ಮ ಮನಸ್ತಾಪ ಬಿಡಿಸಿಕೊಳ್ಳುವ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ (2004) ನೋಡುವಾಗ ಎಷ್ಟೋ ಕಡೆ ನೈಜೆಲ್, ಡೇವಿಡ್ ನೆನಪಾಗುತ್ತಾರೆ. ಅದಕ್ಕಿಂತ ಹತ್ತಿರದ್ದು ಸಾಶಾ ಗೆರ್ವಾಸಿಯ ‘ಆನ್ವಿಲ್! ದ ಸ್ಟೋರಿ ಆಫ್ ಆನ್ವಿಲ್’ (2008). 1984ರಲ್ಲಿ ಜಪಾನಿನ ಉತ್ಸವದಲ್ಲಿ ಸ್ಕಾರ್ಪಿಯನ್ಸ್, ಬಾನ್ ಜೋವಿ ಜೊತೆ ನುಡಿಸಿದ್ದ ಕೆನಡಾದ ತಂಡ ಅದು; ಚಿತ್ರದ ಹೊತ್ತಿಗೆ ಅದರ ಹಾಡುಗಾರ ಶಾಲೆಗಳಿಗೆ ಊಟ ಸಾಗಿಸುವ ಕೆಲಸದಲ್ಲಿದ್ದಾನೆ. ಡ್ರಮ್ಮರನ ಹೆಸರು, ನಂಬಿ, ರಾಬ್ ರೈನರ್. ಇಂಗ್ಲಿಷಿನಲ್ಲಿ ಒಂದು ಅಕ್ಷರವಷ್ಟೇ ಹೆಚ್ಚು. ಅವರೂ ಸ್ಟೋನ್‌ಹೆಂಜ್‌ಗೆ ಹೋಗುತ್ತಾರೆ, ಹನ್ನೊಂದರ ಗುಂಡಿಯೂ ಕಾಣಿಸುತ್ತದೆ. ಕೊನೆಗೆ ಜಪಾನಿನಲ್ಲಿ ಬೆಳಗಿನ ಹೊತ್ತು ಜನ ಬಂದಾರೋ ಇಲ್ಲವೋ ಎಂದು ಹೆದರುತ್ತ ವೇದಿಕೆ ಏರುತ್ತಾರೆ, ಎದುರಿಗೆ ತುಂಬಿದ ಸಭೆ. ಸ್ಪೈನಲ್ ಟ್ಯಾಪ್ ಇರದಿದ್ದರೆ ಈ ನಿಜದ ಕಥೆಯನ್ನು ಇಷ್ಟು ಅಕ್ಕರೆಯಿಂದ ಹೇಳಲು ಯಾರಿಗೂ ಹೊಳೆಯುತ್ತಿರಲಿಲ್ಲ ಎಂಬುದು ನನ್ನ ಎಣಿಕೆ.

ಹೆಸರು ಬಂದರೂ ಹಣ ಬರಲಿಲ್ಲವೆಂದು ಶಿಯರರ್ 2016ರಲ್ಲಿ ಹಕ್ಕುದಾರ ಸಂಸ್ಥೆಯ ಮೇಲೆ ದಾವೆ ಹೂಡಿದ. ದಾವೆಯ ಪ್ರಕಾರ 1984ರಿಂದ 2006ರವರೆಗಿನ ಸರಕು ಮಾರಾಟದಲ್ಲಿ ನಾಲ್ವರು ಸೃಷ್ಟಿಕರ್ತರ ಪಾಲೆಂದು ಲೆಕ್ಕ ತೋರಿಸಿದ್ದು 81 ಡಾಲರ್, 1989ರಿಂದ 2006ರವರೆಗೆ ಸಂಗೀತದಿಂದ 98 ಡಾಲರ್. ದಾವೆ ರಾಜಿಯಲ್ಲಿ ಮುಗಿಯಿತು. ಈ ಅಂಕಿಗಳನ್ನು ಚಿತ್ರದ ಮ್ಯಾನೇಜರ್ ಬಾಯಲ್ಲಿ ಹಾಕಿದ್ದರೆ ಅತಿಯಾಯಿತೆಂದು ಸಂಕಲನಕಾರ ಕತ್ತರಿಸುತ್ತಿದ್ದ.

ಆಮೇಲೆ 2025ರ ಸೆಪ್ಟೆಂಬರಿನಲ್ಲಿ ‘ಸ್ಪೈನಲ್ ಟ್ಯಾಪ್ 2: ದ ಎಂಡ್ ಕಂಟಿನ್ಯೂಸ್’ ಬಂತು. ಹಳೆಯ ಒಪ್ಪಂದವೊಂದರ ಬಲದಿಂದ ಮುದುಕರಾದ ಮೂವರನ್ನು ಕೊನೆಯ ಕಛೇರಿಗೆ ನ್ಯೂ ಆರ್ಲಿಯನ್ಸಿಗೆ ಎಳೆದು ತರುತ್ತಾರೆ. ನಡುವೆ ಪಾಲ್ ಮೆಕಾರ್ಟ್ನಿ ಬರುತ್ತಾನೆ, ಎಲ್ಟನ್ ಜಾನ್ ಬರುತ್ತಾನೆ. ಮೊದಲ ಚಿತ್ರದ ಬಂಡವಾಳವೇ ಈ ತಂಡ ಯಾರಿಗೂ ಬೇಡವಾಗಿತ್ತು ಎಂಬುದು. ಜಗತ್ತಿನ ಅತಿ ದೊಡ್ಡ ಸಂಗೀತಗಾರರು ಬಂದು ಬೆನ್ನು ತಟ್ಟಿದ ಮೇಲೆ ಇಳಿಜಾರು ಎಲ್ಲಿ ಉಳಿಯಿತು? ಮೂವರ ಮುಖಗಳು ನೋಡಲು ಹಿತ, ಕೆಲವು ಮಾತು ಚೆನ್ನಾಗಿವೆ. ಆದರೆ ಇಲ್ಲಿ ಕ್ಯಾಮೆರಾಕ್ಕೆ ತಾನು ಏನನ್ನು ನೋಡುತ್ತಿದ್ದೇನೆಂದು ಚೆನ್ನಾಗಿ ಗೊತ್ತು, ಒಳಗೊಳಗೇ ನಗುತ್ತಿದೆ. ಈ ಪರಂಪರೆಗೆ ಹೊಸಬರಾದವರು 1984ರದ್ದನ್ನು ಮೊದಲು ನೋಡಿ, ಸಾಧ್ಯವಾದರೆ ಅದರ ಬೆನ್ನಿಗೇ ‘ಆನ್ವಿಲ್’ ನೋಡಿ. 2025ರದ್ದಕ್ಕೆ ಆತುರ ಬೇಡ.