ಇಸವಿ ಇರೋದು ಒಳಮೈಯಲ್ಲಿ

ಹಳೇ ವಿಕ್ಟೋರಿಯನ್ ಡ್ರೆಸ್ ಯಾವ ಇಸವಿಯದು ಅಂತ ಕೇಳಿದ್ರೆ ಎಲ್ಲರೂ ಮೊದಲು ತೋರಿಸೋದು ಒಂದು ಚಾರ್ಟ್. ದಶಕಕ್ಕೊಂದು ಆಕಾರ. 1860ರ ಆಸುಪಾಸು ಅಂದ್ರೆ ಸುತ್ತಲೂ ಗುಮ್ಮಟದ ಹಾಗೆ ಉಬ್ಬಿದ ಲಂಗ. 1870, 80ರ ದಶಕ ಅಂದ್ರೆ ಹಿಂದೆ ಮಾತ್ರ ಉಬ್ಬು. 1895ರ ಸುಮಾರಿಗೆ ಭುಜದ ಹತ್ತಿರ ಬಲೂನಿನಂಥ ತೋಳು. ಹೊಂದಿಸಿ ನೋಡಿ, ಇಸವಿ ಬರೆಯಿರಿ, ಮುಗೀತು.

ಈ ಚಾರ್ಟ್ ಸುಳ್ಳು ಹೇಳಲ್ಲ. ಆದ್ರೆ ಅದು ಹೇಳೋದು ಫ್ಯಾಷನ್ ಯಾವಾಗಿನದು ಅಂತ, ನಿಮ್ಮ ಮುಂದಿರೋ ಬಟ್ಟೆ ಯಾವಾಗಿನದು ಅಂತ ಅಲ್ಲ. ಅದು ರೇಷ್ಮೆ ದುಬಾರಿ, ಹೊಲಿಗೆ ಕೂಲಿ ಅಗ್ಗ ಆಗಿದ್ದ ಕಾಲ. ಫ್ಯಾಷನ್ ಬದಲಾದ್ರೆ ಅಗಲವಾದ ಲಂಗದ ಹೊಲಿಗೆ ಬಿಚ್ಚಿ, ಅದೇ ಬಟ್ಟೆಯಲ್ಲಿ ಹೊಸ ಮಾದರಿಯ ಡ್ರೆಸ್ ಹೊಲಿಸ್ತಿದ್ರು. ನಮ್ಮಲ್ಲಿ ಅಜ್ಜಿಯ ರೇಷ್ಮೆ ಸೀರೆ ಮೊಮ್ಮಗಳ ಲಂಗ ಆಗಲ್ವಾ, ಹಾಗೆ. ಈಗ ಹೇಳಿ, ಆ ಡ್ರೆಸ್ಸಿನ ಇಸವಿ ಯಾವುದು?

ಇದಕ್ಕೆ ಉತ್ತರ ಹುಡುಕುವ ದಾರಿಯನ್ನು ನನಗೆ ತೋರಿಸಿದ್ದು ಜಾನೆಟ್ ಅರ್ನಾಲ್ಡ್ ಅವರ ‘ಪ್ಯಾಟರ್ನ್ಸ್ ಆಫ್ ಫ್ಯಾಷನ್’. 1960ರ ದಶಕದಲ್ಲಿ ಬಂದ ಎರಡು ಸಂಪುಟಗಳು, ಒಂದು 1860ರವರೆಗೆ, ಇನ್ನೊಂದು ಅಲ್ಲಿಂದ 1940ರವರೆಗೆ. ಉಳಿದುಕೊಂಡಿರೋ ಡ್ರೆಸ್‌ಗಳನ್ನೇ ಅಳೆದು, ಪ್ರತಿ ತುಂಡನ್ನೂ ಗ್ರಾಫ್ ಚೌಕಗಳ ಮೇಲೆ ಬಿಡಿಸಿದ್ದಾರೆ. ಇದನ್ನು ನೋಡಿದ ಮೇಲೆ ಡ್ರೆಸ್ಸಿನ ಹೊರಮೈಯನ್ನಷ್ಟೇ ನೋಡೋಕೆ ಮನಸ್ಸೇ ಬರಲ್ಲ.

ಒಳಗೆ ಏನಿರುತ್ತೆ? ಮೊದಲು ಹೊಲಿಗೆ. ಸಿಂಗರ್ ತನ್ನ ಮಿಷನ್‌ಗೆ ಪೇಟೆಂಟ್ ಪಡೆದದ್ದು 1851ರಲ್ಲಿ, ಡ್ರೆಸ್‌ಗಳಲ್ಲಿ ಮಿಷನ್ ಹೊಲಿಗೆ ಮಾಮೂಲಾಗಿದ್ದು 1860ರ ದಶಕದಲ್ಲಿ. ‘1845’ ಅಂತ ಚೀಟಿ ಅಂಟಿಸಿದ ಡ್ರೆಸ್ಸಿನ ಉದ್ದಕ್ಕೂ ಮಿಷನ್ ಹೊಲಿಗೆ ಇದ್ರೆ ಅನುಮಾನ ಪಡಿ. ಆದ್ರೆ ಕೈಹೊಲಿಗೆ ಇದೆ ಅಂತ ಹಳೇದು ಅನ್ನೋಕಾಗಲ್ಲ, ಮಿಷನ್ ಬಂದಮೇಲೂ ಕೈಹೊಲಿಗೆ ನಿಲ್ಲಲಿಲ್ಲ. ಆಮೇಲೆ ಬಣ್ಣ. ವಿಲಿಯಂ ಪರ್ಕಿನ್ ಅನ್ನೋ 18ರ ಹುಡುಗ ಆಕಸ್ಮಿಕವಾಗಿ ನೇರಳೆ ಬಣ್ಣ ಕಂಡುಹಿಡಿದದ್ದು 1856ರಲ್ಲಿ. ಆ ಬಣ್ಣದ ಬಟ್ಟೆ ಅದಕ್ಕಿಂತ ಹಿಂದಿನದಾಗೋಕೆ ಸಾಧ್ಯವೇ ಇಲ್ಲ. ಇನ್ನು ಬಿಚ್ಚಿದ ಹೊಲಿಗೆಯ ಸೂಜಿ ತೂತುಗಳು, ಮಡಿಕೆಯೊಳಗೆ ಮಾಸದೆ ಉಳಿದ ಬಣ್ಣ. ಡ್ರೆಸ್ ಎರಡನೇ ಜನ್ಮ ಎತ್ತಿದೆ ಅನ್ನೋಕೆ ಇವೇ ಸಾಕ್ಷಿ. ಅಂಥ ಡ್ರೆಸ್‌ಗೆ ಬಟ್ಟೆಯದೊಂದು, ಈಗಿನ ರೂಪದ್ದೊಂದು, ಹೀಗೆ ಎರಡು ಇಸವಿ ಬರೆಯೋದೇ ಪ್ರಾಮಾಣಿಕತೆ.

ಇಷ್ಟು ಮೆಚ್ಚಿದ ಮೇಲೂ ನನ್ನದೊಂದು ತಕರಾರಿದೆ. ಅದು ಅರ್ನಾಲ್ಡ್ ಅವರ ಮೇಲಲ್ಲ, ಅವರ ಕೈಗೆ ಸಿಕ್ಕಿದ್ದರ ಮೇಲೆ. ಮ್ಯೂಸಿಯಂ ಸೇರೋದು ಹೆಚ್ಚಾಗಿ ಉಳ್ಳವರ ಒಳ್ಳೇ ಡ್ರೆಸ್. ಕೆಲಸದವಳ ಡ್ರೆಸ್ ಹರಿಯುವವರೆಗೆ ಉಟ್ಟು, ಕೊನೆಗೆ ಒರೆಸೋ ಬಟ್ಟೆ ಆಗಿ ಹೋಯ್ತು. ಉಳಿದ ಒಳ್ಳೇ ಡ್ರೆಸ್‌ಗಳಲ್ಲೂ ಹೊಲಿದವಳ ಹೆಸರು ಸಿಗಲ್ಲ. ಸೊಂಟದ ಪಟ್ಟಿಯ ಒಳಗೆ ಹೆಸರು ಇದ್ರೆ ಅದು ಅಂಗಡಿಯದು.

ಒಬ್ಬಳ ಹೆಸರು ಮಾತ್ರ ನಮಗೆ ಗೊತ್ತು, ಅದೂ ಅವಳು ಸತ್ತಿದ್ದರಿಂದ. ಮೇರಿ ಆನ್ ವಾಕ್ಲಿ, ವಯಸ್ಸು 20, ಲಂಡನ್ನಿನ ಸಿರಿವಂತರಿಗೆ ಹೊಲಿದು ಕೊಡ್ತಿದ್ದ ಅಂಗಡಿಯೊಂದರ ಹುಡುಗಿ. 1863ರ ಜೂನ್‌ನಲ್ಲಿ, ವೇಲ್ಸ್ ರಾಜಕುಮಾರಿಯ ಗೌರವಾರ್ಥ ನಡೆಯಬೇಕಿದ್ದ ಔತಣನೃತ್ಯಕ್ಕೆ ಡ್ರೆಸ್‌ಗಳು ಸಿದ್ಧವಾಗಬೇಕಿತ್ತು. ಇತರ 60 ಹುಡುಗಿಯರ ಜೊತೆ 26 ಗಂಟೆಗೂ ಮೀರಿ ಬಿಡುವಿಲ್ಲದೆ ಹೊಲಿದು, ಕಾಯಿಲೆ ಬಿದ್ದು ತೀರಿಕೊಂಡಳು. ಪತ್ರಿಕೆಗಳು ಬರೆದವು, ಮಾರ್ಕ್ಸ್ ‘ಕ್ಯಾಪಿಟಲ್’ನಲ್ಲಿ ದಾಖಲಿಸಿದ. ಡೆಡ್‌ಲೈನ್ ಅನ್ನೋ ಪದವನ್ನು ದಿನಕ್ಕೆ ಹತ್ತು ಸಲ ಬಳಸೋ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೇ ಚಾರ್ಟ್ ಮೇಲೆ ನನಗೆ ಸಿಟ್ಟು. ಅದಕ್ಕೆ ಕಾಣೋದು ಉಟ್ಟವಳ ಆಕಾರ ಮಾತ್ರ. ಮುಂದೆ ಯಾವತ್ತಾದ್ರೂ ಗಾಜಿನ ಪೆಟ್ಟಿಗೆಯಲ್ಲಿ 1863ರ ಡ್ರೆಸ್ ನೋಡಿದ್ರೆ, ಸೊಗಸು ನೋಡಿ, ಖುಷಿಪಡಿ. ಆಮೇಲೆ ಸ್ವಲ್ಪ ಬಗ್ಗಿ, ಅಂಚಿನ ಹೊಲಿಗೆ ಹುಡುಕಿ. ಅಲ್ಲೊಬ್ಬಳು ನಿದ್ದೆಗೆಟ್ಟು ಕೂತಿರಬಹುದು.