ಸರ್ಕಾರಿ ಅಭಿಯೋಜಕ: ಒಂದು ಪದದ ಮತ್ತು ಒಂದು ಪದವಿಯ ವಿಮರ್ಶೆ

1

ಇಂಗ್ಲಿಷಿನಲ್ಲಿ ‘ಪಬ್ಲಿಕ್ ಪ್ರಾಸಿಕ್ಯೂಟರ್’ ಎನಿಸಿಕೊಳ್ಳುವ ಅಧಿಕಾರಿಯನ್ನು ಕನ್ನಡದಲ್ಲಿ ನಾವು ‘ಸರ್ಕಾರಿ ಅಭಿಯೋಜಕ’ನೆಂದು ಕರೆಯುತ್ತೇವೆ. ನ್ಯಾಯಾಲಯದ ಜಗುಲಿಯಲ್ಲಿ ಕಾದು ಕುಳಿತ ಕಕ್ಷಿಗಾರರ ಬಾಯಲ್ಲಿ ಅವನು ‘ಸರ್ಕಾರಿ ವಕೀಲ’. ಮೂಲದ ಪದದಲ್ಲಿದ್ದ ‘ಸಾರ್ವಜನಿಕ’ವೆಂಬ ಅರ್ಥವು ಭಾಷಾಂತರದಲ್ಲಿ ಲೋಪವಾಗಿ, ಅದರ ಸ್ಥಾನದಲ್ಲಿ ‘ಸರ್ಕಾರ’ ಬಂದು ಕುಳಿತಿದೆ. ಇದು ಭಾಷಾಂತರಕಾರರ ಅನವಧಾನದ ಫಲವೆಂದು ಹೇಳಿ ಮುಗಿಸಿಬಿಡಬಹುದು. ಆದರೆ ಪದಗಳು ಅನೇಕ ವೇಳೆ ಶಾಸನಗಳಿಗಿಂತ ಹೆಚ್ಚು ಸತ್ಯವನ್ನು ನುಡಿಯುತ್ತವೆ. ನಮ್ಮ ರಾಜ್ಯದಲ್ಲಿ ಈ ಅಧಿಕಾರಿಗಳು ಸೇರಿರುವ ಇಲಾಖೆಯ ಹೆಸರಿನಲ್ಲಿ ಅಭಿಯೋಜನೆಯೂ ಸರ್ಕಾರಿ ವ್ಯಾಜ್ಯಗಳೂ ಒಂದೇ ಉಸಿರಿನಲ್ಲಿ ಬರುತ್ತವೆ. ಸರ್ಕಾರದ ಜಮೀನಿನ ತಕರಾರೂ ಒಬ್ಬ ಕೂಲಿಯ ಕೊಲೆಯ ವಿಚಾರಣೆಯೂ ಒಂದೇ ಚಾವಣಿಯ ಕೆಳಗೆ ಬಂದಿವೆ ಎಂದಾಯಿತು.

ಪದವಿ ತರಗತಿಯಲ್ಲಿ ಬ್ರಿಟಿಷರ ಆಡಳಿತ ಸಂಸ್ಥೆಗಳ ಚರಿತ್ರೆಯನ್ನು ಬೋಧಿಸುವಾಗ ವಿದ್ಯಾರ್ಥಿಗಳು ನಮ್ಮನ್ನು ಕೇಳುವ ಪ್ರಶ್ನೆ ಒಂದಿದೆ: ಆಪಾದಿತನ ಪರವಾಗಿ ಅವನ ವಕೀಲನಿದ್ದಾನೆ, ಕೊಲೆಯಾದವನ ಪರವಾಗಿ ಯಾರಿದ್ದಾರೆ? ಈ ಪ್ರಶ್ನೆಗೆ ನೇರವಾದ ಉತ್ತರ ಕೊಡುವುದು ಸುಲಭವಲ್ಲವೆಂಬ ಅರಿವೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ. ನಾವು ನ್ಯಾಯಶಾಸ್ತ್ರಜ್ಞರಲ್ಲ. ಒಂದು ದಾನಶಾಸನವನ್ನು ಓದುವಾಗ ಅದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ, ಯಾರ ಆಜ್ಞೆಯಿಂದ ಹೊರಟಿತು ಎಂದು ಪರೀಕ್ಷಿಸುವ ಇತಿಹಾಸಕಾರನ ಕ್ರಮವನ್ನೇ ಇಲ್ಲಿ ಸಂಹಿತೆಗೂ ತೀರ್ಪುಗಳಿಗೂ ಅನ್ವಯಿಸಿದ್ದೇವೆ.

2

1898ರ ದಂಡ ಪ್ರಕ್ರಿಯಾ ಸಂಹಿತೆಯ 492ನೆಯ ಕಲಮು ಅಭಿಯೋಜಕರನ್ನು ನೇಮಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಸೆಷನ್ಸ್ ನ್ಯಾಯಾಲಯದ ವಿಚಾರಣೆಗಳನ್ನು ಅವರೇ ನಡೆಸಬೇಕಾಗಿತ್ತು. ಆದರೆ ಸಾಮಾನ್ಯ ಜನರು ಹೆಚ್ಚಾಗಿ ಕಂಡದ್ದು ಮ್ಯಾಜಿಸ್ಟ್ರೇಟರ ನ್ಯಾಯಾಲಯಗಳನ್ನು. ಅಲ್ಲಿ ಮೊಕದ್ದಮೆ ನಡೆಸುತ್ತಿದ್ದವರು ಬಹುಮಟ್ಟಿಗೆ ಪೊಲೀಸ್ ಅಧಿಕಾರಿಗಳೇ. ತನಿಖೆಯಲ್ಲಿ ಭಾಗವಹಿಸಿದ ಅಧಿಕಾರಿಯು ಅದೇ ಮೊಕದ್ದಮೆಯನ್ನು ನಡೆಸಕೂಡದೆಂದು 495ನೆಯ ಕಲಮು ವಿಧಿಸಿತ್ತೆಂಬುದು ನಿಜ. ಆದರೆ ಹಿಡಿದವನೂ ವಾದಿಸಿದವನೂ ಒಂದೇ ಇಲಾಖೆಯವರಾಗಿದ್ದಾಗ ಈ ನಿಷೇಧವು ವ್ಯಕ್ತಿಯನ್ನು ಬದಲಾಯಿಸಿತೇ ಹೊರತು ದೃಷ್ಟಿಯನ್ನು ಬದಲಾಯಿಸಲಿಲ್ಲ.

ಸ್ವಾತಂತ್ರ್ಯಾನಂತರ ಎಂ. ಸಿ. ಸೆಟಲ್ವಾಡರ ಅಧ್ಯಕ್ಷತೆಯ ಕಾನೂನು ಆಯೋಗವು 1958ರ ತನ್ನ 14ನೆಯ ವರದಿಯಲ್ಲಿ ಈ ದೋಷವನ್ನು ಗುರುತಿಸಿ, ಅಭಿಯೋಜನೆಯನ್ನು ಪೊಲೀಸರ ಹಿಡಿತದಿಂದ ಬೇರ್ಪಡಿಸಬೇಕೆಂದು ಸಲಹೆ ಮಾಡಿತು. 1973ರ ಸಂಹಿತೆಯು ಈ ದಿಕ್ಕಿನಲ್ಲಿ ಒಂದು ಹೆಜ್ಜೆಯಿಟ್ಟಿತು. ಏಳು ವರ್ಷಗಳ ವಕೀಲಿ ಅನುಭವ, ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರೊಡನೆ ಸಮಾಲೋಚಿಸಿ ಸಿದ್ಧಪಡಿಸುವ ಹೆಸರುಗಳ ಪಟ್ಟಿ, ಮ್ಯಾಜಿಸ್ಟ್ರೇಟರ ನ್ಯಾಯಾಲಯಗಳಿಗೆ ಸಹಾಯಕ ಅಭಿಯೋಜಕರು, ಇವೆಲ್ಲ ಅದರ 24 ಮತ್ತು 25ನೆಯ ಕಲಮುಗಳ ಕೊಡುಗೆ. ಆದರೂ 1995ರಲ್ಲಿ ಮಹಾರಾಷ್ಟ್ರದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಹಾಯಕ ಅಭಿಯೋಜಕರನ್ನು ಪೊಲೀಸ್ ಇಲಾಖೆಯಿಂದ ಬಿಡಿಸಿ ಪ್ರತ್ಯೇಕ ವೃಂದವನ್ನಾಗಿ ಮಾಡಬೇಕೆಂದು ಆಜ್ಞಾಪಿಸಬೇಕಾಯಿತು. 1958ರ ಸಲಹೆಗೂ ಈ ಆಜ್ಞೆಗೂ ನಡುವೆ ಮೂವತ್ತೇಳು ವರ್ಷಗಳು ಕಳೆದಿದ್ದವು.

3

ಅಭಿಯೋಜಕನ ಸ್ವಾತಂತ್ರ್ಯವು ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಅವನು ವಾದ ಮಾಡುವಾಗಲ್ಲ, ವಾದವನ್ನು ಕೈಬಿಡುವಾಗ. 1898ರ ಸಂಹಿತೆಯ 494ನೆಯ ಕಲಮು 1973ರಲ್ಲಿ 321ನೆಯದಾಯಿತು. ಅಭಿಯೋಜಕನು ನ್ಯಾಯಾಲಯದ ಸಮ್ಮತಿಯೊಡನೆ ಮೊಕದ್ದಮೆಯಿಂದ ಹಿಂದೆ ಸರಿಯಬಹುದೆಂದು ಅದು ಹೇಳುತ್ತದೆ. ಯಾವ ಕಾರಣಕ್ಕಾಗಿ ಸರಿಯಬಹುದು? ಸಮ್ಮತಿ ಕೊಡುವ ಮುನ್ನ ನ್ಯಾಯಾಧೀಶನು ಏನನ್ನು ನೋಡಬೇಕು? ಕಲಮು ಮೌನವಾಗಿದೆ. ಆ ಮೌನವನ್ನು ತುಂಬಿದುದು ತೀರ್ಪುಗಳು.

ಅವುಗಳಲ್ಲಿ ಮೂಲಭೂತವಾದುದು 1957ರಲ್ಲಿ ಬಿಹಾರದ ಮೊಕದ್ದಮೆಯೊಂದರಲ್ಲಿ ಹೊರಬಂದ ತೀರ್ಪು. ಅಭಿಯೋಜಕನು ಕಾರ್ಯಾಂಗದ ಅಧಿಕಾರಿಯಾಗಿದ್ದರೂ ವಿಶಾಲಾರ್ಥದಲ್ಲಿ ನ್ಯಾಯಾಲಯದ ಅಧಿಕಾರಿಯೂ ಹೌದು ಎಂಬ ಸೂತ್ರವನ್ನು ಅದು ಪ್ರತಿಪಾದಿಸಿತು. ಮುಂದಿನ ತೀರ್ಪುಗಳೆಲ್ಲ ಈ ಸೂತ್ರವನ್ನು ಉದ್ಧರಿಸುತ್ತ ಬಂದಿವೆ. ಆದರೆ ಒಬ್ಬನೇ ವ್ಯಕ್ತಿ ಇಬ್ಬರ ಅಧಿಕಾರಿಯಾದಾಗ, ಆ ಇಬ್ಬರ ಇಚ್ಛೆಗಳು ಭಿನ್ನವಾದರೆ ಅವನು ಯಾರ ಮಾತನ್ನು ಕೇಳಬೇಕು? ಸೂತ್ರವು ಈ ಪ್ರಶ್ನೆಯನ್ನು ಎತ್ತಿತು. ಉತ್ತರವನ್ನು ಮುಂದಕ್ಕೆ ಹಾಕಿತು.

ಮುಂದಕ್ಕೆ ಹಾಕಿದ ಉತ್ತರದ ಕಾಲ ಬಂದುದು ಶಿವನಂದನ ಪಾಸ್ವಾನ್ ಮೊಕದ್ದಮೆಯಲ್ಲಿ. ಪಾಟ್ನಾದ ಸಹಕಾರಿ ಬ್ಯಾಂಕೊಂದರ ವ್ಯವಹಾರಕ್ಕೆ ಸಂಬಂಧಿಸಿ ಬಿಹಾರದ ಜಗನ್ನಾಥ ಮಿಶ್ರರ ಮೇಲೆ ಮೊಕದ್ದಮೆ ಹೂಡಿದಾಗ ಅಧಿಕಾರದಲ್ಲಿದ್ದುದು ಅವರ ವಿರೋಧಿಗಳು. 1981ರಲ್ಲಿ ಅದನ್ನು ಹಿಂತೆಗೆದುಕೊಳ್ಳಲು ಅರ್ಜಿ ಬಂದಾಗ ಮಿಶ್ರರೇ ಮುಖ್ಯಮಂತ್ರಿ. 1982ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರಲ್ಲಿ ಇಬ್ಬರು ಹಿಂತೆಗೆತವನ್ನು ಎತ್ತಿಹಿಡಿದರು. ವಿಷಯವು ಮತ್ತೆ ಐವರ ಸಂವಿಧಾನ ಪೀಠದ ಮುಂದೆ ಹೋಗಿ, 1986ರ ಡಿಸೆಂಬರಿನಲ್ಲಿ ಮೂವರ ಬಹುಮತದಿಂದ ಅದೇ ನಿರ್ಣಯ ಸ್ಥಿರವಾಯಿತು. ಬಹುಮತದಲ್ಲಿದ್ದವರಲ್ಲಿ ನಮ್ಮ ನಾಡಿನ ಇ. ಎಸ್. ವೆಂಕಟರಾಮಯ್ಯನವರೂ ಒಬ್ಬರು, ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿಯವರೂ ಜಿ. ಎಲ್. ಓಝಾ ಅವರೂ ಭಿನ್ನಮತ ತಾಳಿದರು.

ಬಹುಮತದ ತರ್ಕವನ್ನು ಅದಕ್ಕೆ ಸಲ್ಲಬೇಕಾದ ಗೌರವದಿಂದಲೇ ಪರಿಶೀಲಿಸಬೇಕು. ನ್ಯಾಯಾಲಯವು ಈ ಹಂತದಲ್ಲಿ ಸಾಕ್ಷ್ಯವನ್ನು ತೂಗಿನೋಡುವುದು ಸಲ್ಲ. ಅಭಿಯೋಜಕನು ಸ್ವತಂತ್ರವಾಗಿ ತನ್ನ ಬುದ್ಧಿಯನ್ನು ವಿನಿಯೋಗಿಸಿ ಸದ್ಭಾವನೆಯಿಂದ ಅರ್ಜಿ ಸಲ್ಲಿಸಿದ್ದಾನೆಯೇ ಎಂಬಷ್ಟನ್ನು ನೋಡಿದರೆ ಸಾಕು. ನ್ಯಾಯಾಧೀಶನು ಅಭಿಯೋಜಕನ ಕೆಲಸವನ್ನು ತಾನೇ ವಹಿಸಿಕೊಳ್ಳಬಾರದೆಂಬ ವಿವೇಕ ಇದರಲ್ಲಿದೆ. ಹಿಂತೆಗೆತವೆಲ್ಲ ಕೆಟ್ಟದ್ದೆಂದೂ ನಾವು ಭಾವಿಸಿಲ್ಲ. ತುರ್ತು ಪರಿಸ್ಥಿತಿಯ ಕಾಲದ ಬರೋಡಾ ಡೈನಮೈಟ್ ಮೊಕದ್ದಮೆಯನ್ನು, ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಆಪಾದಿತರಾಗಿದ್ದುದನ್ನು, 1977ರಲ್ಲಿ ಕೈಬಿಟ್ಟರು. 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಒಪ್ಪಿತು. ಸಾರ್ವಜನಿಕ ನ್ಯಾಯಕ್ಕೆ ರಾಜಕೀಯ ಉದ್ದೇಶಗಳೂ ಒಮ್ಮೊಮ್ಮೆ ಸಲ್ಲುತ್ತವೆಂಬ ಆ ತೀರ್ಪಿನ ಮಾತು ಚರಿತ್ರೆಯ ದೃಷ್ಟಿಯಿಂದ ಅಸಂಗತವಲ್ಲ.

ನಮ್ಮ ಆಕ್ಷೇಪಣೆ ಬೇರೆ. ‘ಬುದ್ಧಿಯ ವಿನಿಯೋಗ’ವೆಂಬುದು ಅಂತರಂಗದ ವ್ಯಾಪಾರ. ಅದಕ್ಕೆ ಸಾಕ್ಷಿಯಾಗಬಲ್ಲುದು ಅರ್ಜಿಯ ಒಕ್ಕಣೆ ಮಾತ್ರ. ಮುಖ್ಯಮಂತ್ರಿಯೇ ಆಪಾದಿತನಾಗಿ, ಅವನ ಸರ್ಕಾರವು ಹಿಂತೆಗೆತವನ್ನು ಬಯಸಿ, ಅದೇ ಸರ್ಕಾರದಿಂದ ನೇಮಕಗೊಂಡವನು ಅರ್ಜಿಗೆ ಸಹಿ ಹಾಕಿರುವಾಗ, ಬುದ್ಧಿ ಸ್ವತಂತ್ರವಾಗಿತ್ತೇ ಎಂದು ಬುದ್ಧಿಯನ್ನೇ ಕೇಳುವುದು ದುರ್ಬಲವಾದ ಪರೀಕ್ಷೆ. ಇತಿಹಾಸಕಾರನು ಸಾಮಂತನ ಸ್ವಾತಂತ್ರ್ಯವನ್ನು ಅವನ ಬಿರುದುಗಳಿಂದ ಅಳೆಯುವುದಿಲ್ಲ. ಕಪ್ಪವನ್ನು ಯಾರಿಗೆ ಸಲ್ಲಿಸುತ್ತಿದ್ದನೆಂಬುದರಿಂದ ಅಳೆಯುತ್ತಾನೆ.

4

ಈ ಪರೀಕ್ಷೆಯ ಬಲವೂ ದೌರ್ಬಲ್ಯವೂ ಒಟ್ಟಿಗೆ ತೋರುವುದು ಕನ್ನಡಿಗರಿಗೆ ಮರೆಯಲಾಗದ ಒಂದು ಪ್ರಸಂಗದಲ್ಲಿ. 2000ದ ಜುಲೈ 30ರಂದು ನಟ ರಾಜಕುಮಾರರು ತಮಿಳುನಾಡಿನ ಗಾಜನೂರಿನಿಂದ ವೀರಪ್ಪನ್‌ನ ವಶವಾದರು. ಅಪಹರಣಕಾರನ ಬೇಡಿಕೆಗಳಲ್ಲಿ ಮೈಸೂರಿನ ಸೆರೆಯಲ್ಲಿದ್ದ ಟಾಡಾ ಬಂಧಿತರ ಬಿಡುಗಡೆಯೂ ಒಂದು. ವಿಶೇಷ ಅಭಿಯೋಜಕರು 321ನೆಯ ಕಲಮಿನ ಮೇರೆಗೆ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಅರ್ಜಿ ಸಲ್ಲಿಸಿದರು. ಮೈಸೂರಿನ ವಿಶೇಷ ನ್ಯಾಯಾಲಯವು ಆಗಸ್ಟಿನಲ್ಲಿ ಸಮ್ಮತಿಸಿತು. ಉಳಿದ ಆರೋಪಗಳಲ್ಲಿ ಜಾಮೀನು ದೊರೆತರೆ ಸೆರೆಯ ಬಾಗಿಲು ತೆರೆದಂತೆಯೇ.

ಇದನ್ನು ಪ್ರಶ್ನಿಸಿ ದಿಲ್ಲಿಯವರೆಗೆ ಹೋದವರಲ್ಲಿ ವೀರಪ್ಪನ್‌ನ ತಂಡದಿಂದ ಹತನಾದ ಪೊಲೀಸ್ ಅಧಿಕಾರಿಯೊಬ್ಬನ ತಂದೆ ಇದ್ದರು. ಇಡೀ ನಾಡು ಒಬ್ಬ ಮಹಾನ್ ಕಲಾವಿದನ ಪ್ರಾಣಕ್ಕಾಗಿ ಪ್ರಾರ್ಥಿಸುತ್ತಿದ್ದ ದಿನಗಳಲ್ಲಿ, ಸತ್ತ ತನ್ನ ಮಗನ ಮೊಕದ್ದಮೆಯನ್ನು ಬಿಡಬೇಡಿರೆಂದು ಕೇಳಲು ಒಬ್ಬ ತಂದೆಗೆ ಎಷ್ಟು ಧೈರ್ಯ ಬೇಕಾಗಿದ್ದಿತೆಂಬುದನ್ನು ವಾಚಕರು ಊಹಿಸಿಕೊಳ್ಳಬೇಕು. ಸಾರ್ವಜನಿಕರ ಪರವಾಗಿ ಈ ಮಾತನ್ನು ಆಡಬೇಕಾಗಿದ್ದ ಅಧಿಕಾರಿ ಎದುರು ಪಕ್ಷದಲ್ಲಿ ನಿಂತಿದ್ದನು.

ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಆ ಸಮ್ಮತಿಯನ್ನು ರದ್ದುಗೊಳಿಸಿತು. ಅಭಿಯೋಜಕರು ಸರ್ಕಾರದ ನಿರ್ಧಾರವನ್ನು ಮುಂದಿಟ್ಟರೇ ಹೊರತು ಅದರ ಪರಿಣಾಮಗಳನ್ನು ತಾವಾಗಿ ವಿಚಾರಿಸಿದಂತೆ ಕಾಣುವುದಿಲ್ಲ. ಸಾರ್ವಜನಿಕ ಹಿತ ಸಾಧಿಸುವುದೆಂದು ವಿಶೇಷ ನ್ಯಾಯಾಧೀಶರಿಗೆ ಮನವರಿಕೆಯಾಗುವಂಥ ಸಾಮಗ್ರಿಯೂ ಅರ್ಜಿಯಲ್ಲಿರಲಿಲ್ಲ. ತೀರ್ಪಿನ ಸಾರ ಇಷ್ಟು. ರಾಜಕುಮಾರರು ನವೆಂಬರ್ 15ರಂದು ಕಾಡಿನಿಂದ ಹೊರಬಂದರು.

ಫಲವು ಸ್ವಾಗತಾರ್ಹವೇ. ಆದರೆ ಮಾರ್ಗವನ್ನು ನೋಡಿರಿ. 1986ರ ತೀರ್ಪನ್ನು ಬದಿಗೆ ಸರಿಸದೆ, ಅದೇ ಪರೀಕ್ಷೆಯನ್ನು ಅನ್ವಯಿಸಿಯೇ ನ್ಯಾಯಾಲಯ ಈ ನಿರ್ಣಯಕ್ಕೆ ಬಂದಿತು. ಹಾಗಾದರೆ ಅರ್ಜಿಯನ್ನು ಇನ್ನಷ್ಟು ಚತುರತೆಯಿಂದ ಬರೆದಿದ್ದರೆ? ನಾಲ್ಕು ಪುಟಗಳಷ್ಟು ಸಾಧಕ ಬಾಧಕಗಳ ಚರ್ಚೆಯನ್ನು ಅದಕ್ಕೆ ಸೇರಿಸಿದ್ದರೆ? ಅಂಥ ಅರ್ಜಿಯು ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತಿತ್ತೋ ಏನೋ ಎಂಬ ಸಂಶಯವು ಉಳಿಯುತ್ತದೆ. ಬುದ್ಧಿಯ ವಿನಿಯೋಗವನ್ನು ಕಾಗದದಿಂದ ಅಳೆಯುವ ನಿಯಮವು ಕಾಲಕ್ರಮದಲ್ಲಿ ಕಾಗದವನ್ನು ಚೆನ್ನಾಗಿ ಬರೆಯುವವರನ್ನು ತಯಾರಿಸುತ್ತದೆ. 2021ರಲ್ಲಿ ಕೇರಳ ವಿಧಾನಸಭೆಯ ಗಲಭೆಯ ಮೊಕದ್ದಮೆಯನ್ನು ಹಿಂತೆಗೆಯಲು ಸರ್ವೋಚ್ಚ ನ್ಯಾಯಾಲಯ ನಿರಾಕರಿಸಿದಾಗ, ಸಾರ್ವಜನಿಕ ಹಿತವೆಂಬ ಹೊರಗಿನ ಅಳತೆಗೋಲಿಗೆ ಹೆಚ್ಚು ಬೆಲೆ ದೊರೆಯಿತು. ಅದು ಸರಿಯಾದ ದಾರಿಯೆಂದು ನಮಗೆ ತೋರುತ್ತದೆ.

5

ಹಿಂತೆಗೆತಕ್ಕಾದರೂ ನ್ಯಾಯಾಲಯದ ಸಮ್ಮತಿ ಬೇಕು. ಮೌನಕ್ಕೆ ಯಾರ ಸಮ್ಮತಿಯೂ ಬೇಕಿಲ್ಲ. 2002ರ ಮಾರ್ಚ್ 1ರಂದು ವಡೋದರದ ಬೆಸ್ಟ್ ಬೇಕರಿಯಲ್ಲಿ ಹದಿನಾಲ್ಕು ಜನರು ಹತರಾದ ಮೊಕದ್ದಮೆಯಲ್ಲಿ ಮರುವರ್ಷ ಇಪ್ಪತ್ತೊಂದು ಆಪಾದಿತರೂ ಬಿಡುಗಡೆಯಾದರು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಭಿಯೋಜಕರ ನಡತೆಯನ್ನು ಕಟುವಾಗಿ ಟೀಕಿಸಿ, ಮೊಕದ್ದಮೆಯನ್ನು ಮಹಾರಾಷ್ಟ್ರಕ್ಕೆ ವರ್ಗಾಯಿಸಿ ಮರುವಿಚಾರಣೆಗೆ ಆಜ್ಞಾಪಿಸಿತು. ಇದಕ್ಕೆ ವಿರುದ್ಧವಾದ ದೋಷವನ್ನೂ ಇಲ್ಲಿ ಹೇಳಬೇಕು. ಹೇಗಾದರೂ ಶಿಕ್ಷೆ ಕೊಡಿಸುವುದು ಅಭಿಯೋಜಕನ ಧರ್ಮವಲ್ಲ. ಆಪಾದಿತನಿಗೆ ಅನುಕೂಲವಾದ ಸಾಕ್ಷ್ಯವನ್ನು ಮುಚ್ಚಿಡದಿರುವುದೂ ಅವನ ಕರ್ತವ್ಯವೆಂದು ನ್ಯಾಯಾಲಯಗಳು ಸಾರಿವೆ. ಸೋಲು ಗೆಲುವುಗಳ ಲೆಕ್ಕದಿಂದ ಅವನ ಯೋಗ್ಯತೆಯನ್ನು ಅಳೆಯುವ ಇಲಾಖೆಯು ಈ ಕರ್ತವ್ಯವನ್ನು ತಿಳಿಯದೆಯೇ ಶಿಕ್ಷಿಸುತ್ತದೆ.

6

ಹೀಗೆ ಎಲ್ಲ ದಾರಿಗಳೂ ನೇಮಕದ ಪ್ರಶ್ನೆಗೆ ಬಂದು ಸೇರುತ್ತವೆ. 1990ರಲ್ಲಿ ಉತ್ತರ ಪ್ರದೇಶದ ಸರ್ಕಾರವು ಒಂದೇ ಸುತ್ತೋಲೆಯಿಂದ ಎಲ್ಲ ಜಿಲ್ಲೆಗಳ ಸರ್ಕಾರಿ ವಕೀಲರನ್ನು ತೆಗೆದುಹಾಕಲು ಹೊರಟಿತು. ಸರ್ವೋಚ್ಚ ನ್ಯಾಯಾಲಯವು ಅದನ್ನು ಸ್ವೇಚ್ಛಾಚಾರವೆಂದು ತಳ್ಳಿಹಾಕಿತು. ಸರ್ಕಾರ ಬದಲಾದೊಡನೆ ಅಭಿಯೋಜಕರೂ ಬದಲಾಗುವುದು ಸಹಜವೆಂಬ ಭಾವನೆ ಆಡಳಿತದಲ್ಲಿ ಎಷ್ಟು ಬೇರೂರಿತ್ತೆಂಬುದಕ್ಕೆ ಆ ಸುತ್ತೋಲೆಯೇ ಪ್ರಮಾಣ.

ನೇಮಿಸುವ ಕೈ ಯಾವುದೆಂಬುದು ಎಷ್ಟು ಮುಖ್ಯವೆಂಬುದನ್ನು ಜಯಲಲಿತಾ ಅವರ ಆಸ್ತಿ ಮೊಕದ್ದಮೆ ಸ್ಪಷ್ಟಪಡಿಸಿತು. ನಿಷ್ಪಕ್ಷಪಾತ ವಿಚಾರಣೆಗೆಂದೇ ಅದನ್ನು 2003ರಲ್ಲಿ ಕರ್ನಾಟಕಕ್ಕೆ ವರ್ಗಾಯಿಸಲಾಗಿತ್ತು. ಆದರೂ ಕರ್ನಾಟಕ ಉಚ್ಚ ನ್ಯಾಯಾಲಯದ ಮೇಲ್ಮನವಿಯಲ್ಲಿ ಹಾಜರಾದ ಅಭಿಯೋಜಕರನ್ನು ಅದಕ್ಕಾಗಿ ನೇಮಿಸಿದ್ದುದು ತಮಿಳುನಾಡು ಸರ್ಕಾರ. ಆ ನೇಮಕ ಊರ್ಜಿತವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2015ರ ಏಪ್ರಿಲ್ 27ರಂದು ಸಾರಿತು. ಆ ವೇಳೆಗೆ ಮೌಖಿಕ ವಾದಗಳು ಮುಗಿದುಹೋಗಿದ್ದವು. ಕರ್ನಾಟಕಕ್ಕೆ ಲಿಖಿತ ವಾದದ ಅವಕಾಶ ಮಾತ್ರ ಉಳಿಯಿತು. ಮೇ 11ರಂದು ಬಂದ ಬಿಡುಗಡೆಯ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2017ರ ಫೆಬ್ರವರಿಯಲ್ಲಿ ತೊಡೆದುಹಾಕಿತು. ಅಷ್ಟರಲ್ಲಿ ಮುಖ್ಯ ಆಪಾದಿತರು ನಿಧನರಾಗಿದ್ದರು.

ಸುಧಾರಣೆಯ ಸಲಹೆಗಳಲ್ಲಿಯೂ ದೃಷ್ಟಿಯ ಏಕತೆ ಇಲ್ಲ. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳಿಮಠರ ಸಮಿತಿಯು 2003ರಲ್ಲಿ ಅಭಿಯೋಜನೆಯ ನಿರ್ದೇಶಕನನ್ನು ಪೊಲೀಸ್ ಮಹಾನಿರ್ದೇಶಕರ ದರ್ಜೆಯ ಅಧಿಕಾರಿಗಳಿಂದ ಆರಿಸಬೇಕೆಂದು ಹೇಳಿತು. ತನಿಖೆಗೂ ಅಭಿಯೋಜನೆಗೂ ಹೊಂದಾಣಿಕೆ ಬೇಕೆಂಬ ಅದರ ಕಳಕಳಿ ಅರ್ಥವಾಗುವಂಥದೇ. ಆದರೆ 1958ರಲ್ಲಿ ಬಿಚ್ಚಬೇಕೆಂದ ಗಂಟನ್ನೇ ಇದು ಮತ್ತೆ ಬಿಗಿಯುತ್ತದೆ. 2005ರ ತಿದ್ದುಪಡಿಯು ನಿರ್ದೇಶಕನ ನೇಮಕಕ್ಕೆ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳ ಸಮ್ಮತಿಯನ್ನು ಅವಶ್ಯಕವನ್ನಾಗಿ ಮಾಡಿತು. ಆದರೆ ಅವನನ್ನು ಗೃಹ ಇಲಾಖೆಯ ಕೆಳಗೆ ಇರಿಸಿತು. ಪೊಲೀಸರೂ ಇರುವುದು ಅದೇ ಇಲಾಖೆಯಲ್ಲಿ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ತೆಗೆದುಕೊಂಡಿದೆ. ಅದರ 360ನೆಯ ಕಲಮಿನ ಪರಂತುಕದಂತೆ, ನೊಂದವರ ಮಾತನ್ನು ಕೇಳದೆ ಹಿಂತೆಗೆತಕ್ಕೆ ಸಮ್ಮತಿ ಕೊಡುವಂತಿಲ್ಲ. 2000ದಲ್ಲಿ ಆ ತಂದೆ ದಿಲ್ಲಿಗೆ ಹೋಗಿ ಕೇಳಬೇಕಾಗಿದ್ದುದನ್ನು ಈಗ ನೊಂದವರು ವಿಚಾರಣೆಯ ನ್ಯಾಯಾಲಯದಲ್ಲಿಯೇ ಹಕ್ಕಿನಿಂದ ಕೇಳಬಹುದು. ಇದು ಸಣ್ಣ ಲಾಭವಲ್ಲ. ಆದರೆ 20ನೆಯ ಕಲಮಿನಲ್ಲಿ ಮುಖ್ಯ ನ್ಯಾಯಮೂರ್ತಿಗಳ ಸಮ್ಮತಿಯ ಷರತ್ತು ಕಾಣುವುದಿಲ್ಲ. ಗೃಹ ಇಲಾಖೆಯ ಹಿಡಿತ ಮಾತ್ರ ಉಳಿದಿದೆ.

ಮೇಲಿನ ಪರಿಶೀಲನೆಯಿಂದ ನಾವು ತಲುಪುವ ನಿರ್ಣಯ ಇದು. ಏಳು ದಶಕಗಳಿಂದ ನಮ್ಮ ನ್ಯಾಯಾಲಯಗಳು ಅಭಿಯೋಜಕನ ಮನಸ್ಸು ಸ್ವತಂತ್ರವಾಗಿರಬೇಕೆಂದು ಬೋಧಿಸುತ್ತ ಬಂದಿವೆ. ಅವನ ಪದವಿಯನ್ನು ಸ್ವತಂತ್ರಗೊಳಿಸುವ ಕೆಲಸ ಶಾಸಕಾಂಗಕ್ಕೆ ಸೇರಿದ್ದು, ಅದು ಅರ್ಧದಲ್ಲಿಯೇ ನಿಂತಿದೆ. ಒತ್ತಡಕ್ಕೆ ಮಣಿಯದ ಅಭಿಯೋಜಕರು ನಮ್ಮ ಜಿಲ್ಲಾ ನ್ಯಾಯಾಲಯಗಳಲ್ಲಿ ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅವರ ಶೀಲಕ್ಕೆ ನಾವು ತಲೆಬಾಗುತ್ತೇವೆ. ಆದರೆ ಸಂಸ್ಥೆಯೊಂದು ಅಸಾಧಾರಣ ವ್ಯಕ್ತಿಗಳ ಶೀಲವನ್ನೇ ನೆಚ್ಚಿಕೊಂಡು ನಡೆಯಬೇಕಾದರೆ ಅದರ ರಚನೆಯಲ್ಲಿ ದೋಷವಿದೆಯೆಂದೇ ಅರ್ಥ. ನೇಮಕ, ಅವಧಿ, ಬಡತಿಗಳು ಗೃಹ ಇಲಾಖೆಯ ಕೈಯಿಂದ ಬಿಡುಗಡೆಯಾಗುವ ತನಕ ಕನ್ನಡದ ಕಕ್ಷಿಗಾರನು ಆ ಅಧಿಕಾರಿಯನ್ನು ‘ಸರ್ಕಾರಿ ವಕೀಲ’ನೆಂದೇ ಕರೆಯುವನು, ಅವನ ಮಾತನ್ನು ತಿದ್ದುವ ಅಧಿಕಾರ ನಮಗಿಲ್ಲ.