ಆಯ್ಕೆ ದಾನಿಯದು

‘ನನ್ನ ವಿದ್ಯಾರ್ಥಿಗಳಿಗೆ ಬೇಕಾಗಿರುವುದು...’ ಅಮೆರಿಕದ ಡೋನರ್ಸ್‌ಚೂಸ್ ಜಾಲತಾಣದಲ್ಲಿ ಸರ್ಕಾರಿ ಶಾಲೆಯ ಟೀಚರುಗಳು ಇಡುವ ಬೇಡಿಕೆಗಳು ಶುರುವಾಗುತ್ತಿದ್ದುದು ಹೀಗೆ. ಮುಂದಿನದು ಅವರವರ ಪಾಡು: ಪೆನ್ಸಿಲ್, ಕಥೆಪುಸ್ತಕ, ಕೂತು ಓದಲು ಜಮಖಾನ, ಕ್ರೋಮ್‌ಬುಕ್, ಮೂಗು ಒರೆಸುವ ಟಿಶ್ಯೂ ಡಬ್ಬ. ಸಿರಿವಂತ ದೇಶವೊಂದರ ತರಗತಿಯ ಸಾಮಾನು ಚೀಟಿ ಇದು.

2000ನೇ ಇಸವಿಯಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಪ್ರೌಢಶಾಲೆಯೊಂದರಲ್ಲಿ ಸಮಾಜ ಪಾಠ ಹೇಳುತ್ತಿದ್ದ ಚಾರ್ಲ್ಸ್ ಬೆಸ್ಟ್ ಇದನ್ನು ಕಟ್ಟಿದರು. ಸಹೋದ್ಯೋಗಿಗಳಿಗೆ ಅಮ್ಮನ ಕೈಯ ಪಿಯರ್ ಹಣ್ಣಿನ ಸಿಹಿ ತಿನ್ನಿಸಿ, ಅದರ ಋಣಕ್ಕೆ ಅವರಿಂದ 11 ಬೇಡಿಕೆ ಬರೆಸಿಕೊಂಡರು. ಆ ಹನ್ನೊಂದಕ್ಕೂ ಗುಟ್ಟಾಗಿ ದುಡ್ಡು ಹಾಕಿದವರು ಅವರೇ. ದಾನಿಗಳು ಇದ್ದಾರೆಂದು ನಂಬಿಸಲು ಮೊದಲ ದಾನಿ ತಾನೇ ಆಗಬೇಕಾಯಿತು.

ಇದರ ಯಂತ್ರ ಗಟ್ಟಿ ಎನ್ನುವುದನ್ನು ಒಪ್ಪಲೇಬೇಕು. ಟೀಚರ ಕೈಗೆ ಒಂದು ಡಾಲರೂ ಹೋಗುವುದಿಲ್ಲ. ಬೇಕಾದಷ್ಟು ಹಣ ಕೂಡಿದರೆ ಸಂಸ್ಥೆಯೇ ಸಾಮಾನು ಕೊಂಡು ಶಾಲೆಗೆ ಕಳಿಸುತ್ತದೆ. ಕೂಡದಿದ್ದರೆ ಕೊಟ್ಟವರು ಆ ಹಣವನ್ನು ಬೇರೆ ತರಗತಿಗೆ ತಿರುಗಿಸಬಹುದು. ನಮ್ಮ ಎಷ್ಟು ಚಂದಾ ಪುಸ್ತಕಗಳಿಗೆ ಇಷ್ಟು ಲೆಕ್ಕ ಇದ್ದೀತು?

ನನ್ನ ತಕರಾರಿರುವುದು ಆ ಹೆಸರಿನ ಬಗ್ಗೆ. ದಾನಿ ಆರಿಸುತ್ತಾನೆ ಎಂದು ಅದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದೆ. ಹಾಗಾದರೆ ಆರಿಸಿಕೊಳ್ಳುವಂತೆ ಬರೆಯುವುದೂ ಟೀಚರ ಕೆಲಸವಾಯಿತು. ಮೊತ್ತ ಸಣ್ಣದಿದ್ದರೆ ಬೇಗ ತುಂಬುತ್ತದೆ. ಇನ್ನು ನಲವತ್ತೇ ಡಾಲರ್ ಬಾಕಿ ಎಂದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಇದನ್ನು ಬಲ್ಲ ಟೀಚರು ದೊಡ್ಡ ಬೇಡಿಕೆಯನ್ನು ಒಡೆದು ಎರಡು ಮಾಡುತ್ತಾರೆ, ತಲೆಬರಹಕ್ಕೆ ಒಂದು ಪ್ರಾಸ ಹುಡುಕುತ್ತಾರೆ. ಬರವಣಿಗೆ ಒಲಿಯದ, ಸಂಜೆ ಎರಡನೇ ಕೆಲಸಕ್ಕೆ ಓಡುವ ಟೀಚರ ಮಕ್ಕಳಿಗೆ ಪುಸ್ತಕ ಬೇಡವೆ? 2014ರಲ್ಲಿ ಕೆಡಿಡಿ ಕಪ್ ಎಂಬ ದತ್ತಾಂಶ ಸ್ಪರ್ಧೆ ಈ ತಾಣದ ಬೇಡಿಕೆಗಳನ್ನೇ ಮುಂದಿಟ್ಟು, ಇವುಗಳಲ್ಲಿ ‘ರೋಮಾಂಚಕ’ವಾದವು ಯಾವುವು ಎಂದು ಕಂಪ್ಯೂಟರಿನಿಂದ ಊಹಿಸಿ ಎಂದಿತು. ಟಿಶ್ಯೂ ಡಬ್ಬ ರೋಮಾಂಚನ ಹುಟ್ಟಿಸುವುದಾದರೂ ಹೇಗೆ!

ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಯುವ ಸಾಮಾನಿಗೆ ಇಲ್ಲಿ ದಾರಿ ಸಲೀಸು. ಸೋರುವ ಸೂರು, ಇಲ್ಲದ ನರ್ಸು, ನಲವತ್ತು ಮಕ್ಕಳ ತರಗತಿಗೆ ಬೇಕಾದ ಇನ್ನೊಬ್ಬ ಟೀಚರು ಪೆಟ್ಟಿಗೆಯಲ್ಲಿ ಹಿಡಿಯುವುದಿಲ್ಲ. ಅದು ತೆರಿಗೆಯ ಬಾಬತ್ತು. ಅಲ್ಲಿ ಶಾಲೆಯ ಹಣದ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುವುದರಿಂದ ಬಡವರ ಕೇರಿಯ ಶಾಲೆಗೆ ಕೊರತೆ ತಪ್ಪಿದ್ದಲ್ಲ. 2014–15ರ ಸಾಲಿನಲ್ಲಿ ಸರ್ಕಾರಿ ಶಾಲೆಯ ಟೀಚರುಗಳಲ್ಲಿ ಶೇಕಡಾ 94ರಷ್ಟು ಜನ ತರಗತಿಗೆ ಸ್ವಂತ ದುಡ್ಡು ಹಾಕಿದ್ದರು, ಸರಾಸರಿ 479 ಡಾಲರ್. ಅಂದರೆ ಮೊದಲ ದಾನಿ ಈಗಲೂ ಟೀಚರೇ.

ಕೊಂಚ ದೊಡ್ಡ ಮೊತ್ತ ಕೊಟ್ಟವರಿಗೆ ಮಕ್ಕಳು ಕೈಯಾರೆ ಬರೆದ ಕೃತಜ್ಞತೆಯ ಕಾಗದಗಳು ಹೋಗುತ್ತಿದ್ದವು. ಅಕ್ಷರ ಸೊಟ್ಟ, ಪಕ್ಕದಲ್ಲೊಂದು ಸೂರ್ಯ. ಯಾರಿಗಾದರೂ ಕರುಳು ಚುರ್ ಎನ್ನಬೇಕು. ನಮ್ಮೂರ ಶಾಲೆಯ ಫ್ಯಾನಿನ ರೆಕ್ಕೆ ಮೇಲೆ ದಾನಿಯ ಹೆಸರು ತಿರುಗುವುದನ್ನು ನೋಡುತ್ತ ಮಗ್ಗಿ ಕಲಿತ ನನಗೆ ಇದನ್ನು ನೋಡಿ ನಗುವ ಹಕ್ಕಿಲ್ಲ. ಫ್ಯಾನು ಕನಿಷ್ಠ ನಮ್ಮಿಂದ ಕಾಗದ ಬರೆಸಲಿಲ್ಲ, ಅಷ್ಟೇ.

2018ರ ಮಾರ್ಚ್‌ನಲ್ಲಿ ರಿಪಲ್ ಎಂಬ ಕ್ರಿಪ್ಟೊ ಕಂಪನಿ 2.9 ಕೋಟಿ ಡಾಲರ್ ಕೊಟ್ಟು, ತಾಣದಲ್ಲಿದ್ದ 35,000ಕ್ಕೂ ಹೆಚ್ಚು ಬೇಡಿಕೆಗಳನ್ನು ಒಂದೇ ಏಟಿಗೆ ತೀರಿಸಿತು. ಪ್ರಾಸ ಹೊಂದಿಸಿದವರಿಗೂ ಬಂತು, ಹೊಂದಿಸದವರಿಗೂ ಬಂತು. ಆ ಸಲ ಯಾರೂ ಆರಿಸಲಿಲ್ಲ. ಆಮೇಲೆ ಪಟ್ಟಿ ಮತ್ತೆ ಬೆಳೆಯತೊಡಗಿತು.